ಹುಸೇನಪ್ಪನ ಸರದಿ

ತೀನ್ ಕಂದೀಲ್ ಹತ್ತಿರ, ಮೋಟರ್ ವೈಂಡಿಂಗ್ ಅಂಗಡಿಯ ಮೇಲೆ
ಭಾನುವಾರ ಸಂಜೆ ಐವರು ಸೇರುತ್ತೇವೆ.
ಒಂದು ಕೂಲರು, ನೀರು ನಾನೇ ಹೊತ್ತು ತುಂಬಿಸಿದ್ದು.
ಮಂಡಾಳ ಒಗ್ಗರಣೆ, ಮಿರ್ಚಿ,
ಎಣ್ಣೆ ಕುಡಿದ ಪೇಪರಿನ ಅಂಚಿಗೆ
ಇಪ್ಪತ್ತು ಮುಖದ ದಾಳ.

ಆಟ ಇಷ್ಟೇ.
ನಮ್ಮ ಕೋಟೆಯ ಗೋಡೆಯಲ್ಲಿ ಆ ಉದ್ದ ಕಲ್ಲಿದೆಯಲ್ಲ,
ಅದನ್ನು ಎಳೆದು ತಂದ ಬಂಡಿ, ಕೋಣಗಳ ಸಾಲು
ಪಕ್ಕದಲ್ಲೇ ಯಾರೋ ಗೀಚಿಟ್ಟಿದ್ದಾರಲ್ಲ,
ನಾವು ಆ ಬಂಡಿಯವರು.
ಎರಡು ವರ್ಷವಾಯಿತು ಆಡುತ್ತ.
ಕಲ್ಲು ಇನ್ನೂ ಮೊದಲ ಹಳ್ಳ ದಾಟಿಲ್ಲ.

ಸೂಗೂರೇಶ ಶಕ್ತಿನಗರದ ಪಾಳಿ ಮುಗಿಸಿ
ಬೂದಿ ಮೆತ್ತಿದ ಬೂಟಿನಲ್ಲೇ ಮೆಟ್ಟಿಲು ಹತ್ತಿ ಬಂದ,
ಬುತ್ತಿ ಚೀಲದಿಂದ ಮೈಕು ತೆಗೆದ.
"ಪಾಡ್‌ಕಾಸ್ಟ್ ಮಾಡೂಣು.
ನಮ್ಮ ಮಾತಿನಾಗ ಇಂಥಾದ್ದು ಯಾರ್ ಮಾಡ್ಯಾರ ಹೇಳ್ರಿ."

ಪ್ರಾಣೇಶನಿಗೆ ಮಿರ್ಚಿ ನೆತ್ತಿಗೇರಿತು.
ಸೊಸೈಟಿ ಬ್ಯಾಂಕಿನ ಗುಮಾಸ್ತ, ನಮ್ಮಲ್ಲಿ ಎಡಗಡೆಯ ಕೋಣ.
"ನಾಳೆ ಕೌಂಟರಿಗೆ ಬಂದು
ಕೋಣಪ್ಪ, ಪಾಸ್‌ಬುಕ್ ಕೊಡು ಅಂದರ?"
ನಕ್ಕೆವು. ಅವನು ನಗಲಿಲ್ಲ.

ರಿಜ್ವಾನಾ ಲ್ಯಾಬಿನಲ್ಲಿ ರಕ್ತ ತೆಗೆಯುವವಳು,
ಯಾವುದನ್ನೂ ಒಮ್ಮೆಲೇ ಚುಚ್ಚುವುದಿಲ್ಲ.
ಮಾನ್ವಿಯ ಒಂದು ಹುಡುಗಿಯ ಸುದ್ದಿ ಹೇಳಿದಳು:
ಸೂಜಿ ನೋಡಬಾರದೆಂದು ಮುಖ ತಿರುಗಿಸಿದವಳು
ನನ್ನ ಬ್ಯಾಗಿನ ದಾಳ ನೋಡಿದಳು.
ಇದೇನಕ್ಕಾ ಅಂದಳು. ಹೇಳಿದೆ.
ಹತ್ತಿ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದಳು, ಆಮೇಲೆ
"ನಾ ಒಬ್ಬಾಕೀನೇ ಆಡಬಹುದೇನು?"

ಅದಕ್ಕೆ ನಮ್ಮ ಯಾರಲ್ಲೂ ಉತ್ತರ ಇರಲಿಲ್ಲ.
ಮೈಕು ಮೇಜಿನ ಮೇಲೆ ಕೂತಿತು.

ನನ್ನ ಭಯ ನಾನು ಹೇಳಲಿಲ್ಲ.
ಕಥೆ ಕಟ್ಟುವವನು ನಾನು, ಅಂದರೆ ಮರೆಯುವವನೂ ನಾನೇ.
ಹೋದ ವರ್ಷ ಸತ್ತ ಸುಂಕದವನು
ಈ ವರ್ಷ ಹಳ್ಳದ ಆಚೆ ಬೀಡಿ ಸೇದುತ್ತ ನಿಂತಿದ್ದ.
ಯಾರೂ ಕೇಳಲಿಲ್ಲ; ಅಷ್ಟು ಸಾಲ ಕೊಡುತ್ತಾರೆ ಇವರು ನನಗೆ.

ಒಂದು ಗಂಟೆ ಆಡಿ ನೋಡಿದೆವು, ಸುಮ್ಮನೆ, ಪರೀಕ್ಷೆಗೆ.
ಸೂಗೂರೇಶ ಫೋನಿನಲ್ಲಿ ಏನೋ ಒತ್ತಿದ.
"ಖಾಲಿ ಜಾಗ ಎಲ್ಲ ತಾನೇ ಕತ್ತರಿಸ್ತದ ನೋಡ್ರಿ."

ಕೇಳಿದೆವು.
ಕೂಲರಿನ ಗುಂಯ್ ಇಲ್ಲ. ಬಾಂಗು ಇಲ್ಲ.
ದಾಳ ಉರುಳಿದ ಮರುಕ್ಷಣವೇ ಅದರ ಫಲ.
ಐವರೂ ಒಬ್ಬರ ಬಾಯಿಗೊಬ್ಬರು ಬಿದ್ದು
ಬಸ್ಸಿಗೆ ಓಡುವವರ ಹಾಗೆ ಮಾತಾಡುತ್ತಿದ್ದೆವು.

ಆಗ ಹುಸೇನಪ್ಪನ ದನಿ ಬಂತು.
ಅವನ ಮಾತು ಹೊಸ್ತಿಲಿಗೆ ಬಂದು ನಿಲ್ಲುತ್ತದೆ, ಮೊದಲಿನಿಂದಲೂ.
ತುಟಿ ಸಿದ್ಧವಾಗಿರುತ್ತದೆ, ಮಾತು ಬರುವುದಿಲ್ಲ.
ನಾವು ಕಾಯುತ್ತೇವೆ. ಕಾಯುವುದು ಗೊತ್ತೇ ಆಗದಷ್ಟು ರೂಢಿ.
ಫೋನಿನಲ್ಲಿ ಅದು ಒಂದೇ ಉಸಿರಿಗೆ ಹರಿಯಿತು:
"ಹಗ್ಗ ಬಿಡಬ್ಯಾಡ್ರಿ ಕಲ್ಲು ಜಾರ್ತದ."

ಸೂಗೂರೇಶನ ಮುಖ ಅರಳಿತು, ಉಡುಗೊರೆ ಕೊಟ್ಟವನ ಹಾಗೆ.
ಹುಸೇನಪ್ಪ ಫೋನನ್ನೇ ನೋಡುತ್ತಿದ್ದ.
ತುಟಿ ಕೂಡಿತು. ಕಾದೆವು.
"ಇವ... ನಾ ಅಲ್ಲ."

ರಿಜ್ವಾನಾ ಮೆಲ್ಲಗೆ ಅಂದಳು,
ನೀ ತಡೆದ ಹೊತ್ತಿನಾಗೇ ನಾ ಹಗ್ಗ ಕೈಗೆ ಸುತ್ತಿಕೊಂಡಿದ್ದೆ,
ಈಗ ಕೇಳಿದರ ಸುತ್ತಿಕೊಂಡೇ ಇಲ್ಲ.

"ಹಾಕೂದಾದರ ಹಾಕ್ರಿ," ಹುಸೇನಪ್ಪ ಎಂದ,
ಮತ್ತೆ ಹೊಸ್ತಿಲಲ್ಲಿ ನಿಂತು, ದಾಟಿ,
"ಪೂರ್ತಿ ಹಾಕ್ರಿ."

ಪೂರ್ತಿ ಅಂದರೆ ವಾರಕ್ಕೆ ನಾಲ್ಕು ತಾಸು,
ಪ್ರಾಣೇಶ ಲೆಕ್ಕ ಹಾಕಿದ, ವರ್ಷಕ್ಕೆ ಇನ್ನೂರೆಂಟು,
ಅದರಲ್ಲಿ ಮಿರ್ಚಿ ಅಗಿಯುವುದೇ ಇಪ್ಪತ್ತು ಇರಬೇಕು.
ಯಾರು ಕೇಳುತ್ತಾರೆ?
ಮಾನ್ವಿಯಲ್ಲಿ ಒಬ್ಬಳು ಇರಬಹುದು. ಇರದೆಯೂ ಇರಬಹುದು.

ತೀರ್ಮಾನ ಆಗಲಿಲ್ಲ.
ಸೂಗೂರೇಶ ಮೈಕನ್ನು ಟವೆಲಿನಲ್ಲಿ ಸುತ್ತಿ ಕಿಟಕಿಗೆ ಇಟ್ಟ,
ಕೂಲರಿನ ಮೇಲೆ ಬೇಡ, ತೇವ ಎಂದೆ ನಾನು.
ಬಟ್ಟೆಯೊಳಗೆ ಸಣ್ಣ ಕೆಂಪು ದೀಪ ಇನ್ನೂ ಇತ್ತೇನೋ.

ಹುಸೇನಪ್ಪನ ಸರದಿ. ದಾಳ ಎಸೆದ.
ಬಾಯಿ ತೆರೆದ.
ಕೆಳಗೆ ಒಂದು ಮೋಟರು ತಿರುಗಿ ನಿಂತಿತು.
ನಾವು ಹಗ್ಗ ಹಿಡಿದು ಕೂತೆವು.